ಡೀಸೆಲ್ ಸೋರಿದ ಜಾಡು

ಡೀಸೆಲ್ ಎಂಜಿನ್ನಿನ ವಾಹನದಲ್ಲಿ ಇಂಧನ ಹೊರಬರುವ ಜಾಗ ಒಂದು, ಅದು ನೆಲಕ್ಕೆ ಬೀಳುವ ಜಾಗ ಇನ್ನೊಂದು. ಇವೆರಡೂ ಒಂದೇ ಆಗಿರುವುದು ಅಪರೂಪ. ಡೀಸೆಲ್ಲಿನ ಮೇಲ್ಮೈ ಸೆಳೆತ, ಅಂದರೆ ದ್ರವವೊಂದು ತನ್ನನ್ನು ತಾನೇ ಹನಿಯಾಗಿ ಒಟ್ಟುಗೂಡಿಸಿಕೊಳ್ಳುವ ಬಲ, ನೀರಿನದರ ಅರ್ಧಕ್ಕಿಂತಲೂ ಕಡಿಮೆಯಿರುವುದರಿಂದ, ಸಂದಿಯಿಂದ ಹೊರಬಂದ ಡೀಸೆಲ್ ಅಲ್ಲಿಯೇ ತೊಟ್ಟಿಕ್ಕುವ ಬದಲು ಲೋಹದ ಮೈಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ, ಬೋಲ್ಟಿನ ತಲೆಗಳನ್ನೂ ಎರಕದ ಅಂಚುಗಳನ್ನೂ ವೈರುಗಳ ಕಟ್ಟನ್ನೂ ಹಿಡಿದು ಇಳಿಯುತ್ತದೆ, ಫ್ಯಾನಿನ ಗಾಳಿಗೂ ಓಟದ ಗಾಳಿಗೂ ಸಿಕ್ಕಿ ಹಿಂದಕ್ಕೆ ಸರಿಯುತ್ತದೆ, ಕೊನೆಗೆ ಎಂಜಿನ್ನಿನಲ್ಲಿ ಯಾವ ಭಾಗ ಎಲ್ಲಕ್ಕಿಂತ ಕೆಳಗಿದೆಯೋ ಅಲ್ಲಿಂದ ಹನಿಯುತ್ತದೆ. ಪೆಟ್ರೋಲು ಸೋರಿದರೆ ಬೇಗ ಆರಿಹೋಗಿ ವಾಸನೆಯಷ್ಟೇ ಉಳಿಯುತ್ತದೆ. ಡೀಸೆಲ್ ಹಾಗೆ ಆರುವುದಿಲ್ಲ, ತಾನು ಹೋದ ದಾರಿಯಲ್ಲೆಲ್ಲ ಧೂಳನ್ನು ಹಿಡಿದಿಟ್ಟುಕೊಂಡು ಕಪ್ಪು ಜಿಡ್ಡಾಗಿ ಕೂರುತ್ತದೆ. ಈ ಜಿಡ್ಡು ಸೋರಿಕೆಯ ದಾಖಲೆಯೂ ಹೌದು, ಅದನ್ನು ಮರೆಮಾಡುವ ಹೊದಿಕೆಯೂ ಹೌದು. ಎರಡು ಮೂರು ಕೈ ಬದಲಾದ ಗಾಡಿಯಲ್ಲಂತೂ ಹಿಂದಿನ ಒಡೆಯರ ಕಾಲದ ಸೋರಿಕೆಗಳು, ಅವಕ್ಕೆ ಆಗ ಮಾಡಿದ ಅರೆಬರೆ ರಿಪೇರಿಗಳು, ಅವುಗಳ ಮೇಲೆ ಎಂಜಿನ್ ಆಯಿಲ್ಲಿನ ಪಸೆ, ಹೀಗೆ ಪದರದ ಮೇಲೆ ಪದರ ಬಿದ್ದಿರುವುದರಿಂದ ಯಾವುದು ಇಂದಿನದು, ಯಾವುದು ಹಳೆಯದು ಎಂದು ಬಿಡಿಸುವುದೇ ಪತ್ತೆಯ ಕೆಲಸದ ಮುಕ್ಕಾಲು ಪಾಲಾಗುತ್ತದೆ.

ಇಂತಹ ಗಾಡಿಗಳು ಕರ್ನಾಟಕದ ಸಣ್ಣ ಊರುಗಳಲ್ಲಿ ಹೇರಳವಾಗಿ ಉಳಿದುಕೊಂಡದ್ದಕ್ಕೆ ಕಾರಣವಿದೆ. ಇಂಡಿಕಾ 1998ರ ಕೊನೆಗೆ, ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂದ ಕಾಲದಲ್ಲಿ ಡೀಸೆಲ್ಲಿನ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದ್ದು, ಪೆಟ್ರೋಲಿಗೂ ಅದಕ್ಕೂ ಇದ್ದ ಅಂತರವೇ ಬಾಡಿಗೆ ಓಡಿಸುವವರನ್ನೂ ತೋಟದ ಮನೆಯವರನ್ನೂ ಡೀಸೆಲ್ ಕಡೆಗೆ ಎಳೆಯಿತು. 2014ರ ಅಕ್ಟೋಬರಿನಲ್ಲಿ ಬೆಲೆಯ ನಿಯಂತ್ರಣ ಪೂರ್ತಿ ತೆಗೆದ ಮೇಲೆ ಆ ಅಂತರ ಕರಗುತ್ತ ಬಂದು, ನಗರದವರು ಹಳೆಯ ಡೀಸೆಲ್ ಗಾಡಿಗಳನ್ನು ಬಿಟ್ಟುಕೊಡತೊಡಗಿದರು. ಸಾಗರದ ಸೀಮೆಯಲ್ಲಿ ಅಧ್ಯಾಪಕನಾಗಿದ್ದ ಈ ಲೇಖಕನು ಅಂತಹದೇ ಒಂದು ಗಾಡಿಯನ್ನು, 2000ದ ದಶಕದ ಮೊದಲ ವರ್ಷಗಳಲ್ಲಿ ನೋಂದಣಿಯಾಗಿ ಹದಿನೈದು ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಿದ್ದನ್ನು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡುಕೊಂಡನು. ಅದರ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ, ಕಂಪ್ಯೂಟರಿನ ಹಂಗಿಲ್ಲದ ಹಳೆಯ ಬಗೆಯ ಎಂಜಿನ್ ಅದರಲ್ಲಿತ್ತು ಎಂಬುದಷ್ಟೇ ಮುಂದಿನ ಮಾತಿಗೆ ಬೇಕಾದದ್ದು.

ಅಂತಹ ಎಂಜಿನ್ನಿನಲ್ಲಿ ಡೀಸೆಲ್ ಸಾಗುವ ದಾರಿಯನ್ನು ಮೊದಲು ತಿಳಿದುಕೊಳ್ಳಬೇಕಾಗುತ್ತದೆ. ಹಿಂಬದಿಯ ಟ್ಯಾಂಕಿನಿಂದ ಹೊರಟ ಡೀಸೆಲ್ ಕಬ್ಬಿಣದ ಕೊಳವೆ ಮತ್ತು ರಬ್ಬರ್ ಪೈಪುಗಳ ಮೂಲಕ ಬಾನೆಟ್ಟಿನೊಳಗಿನ ಫಿಲ್ಟರಿಗೆ ಬರುತ್ತದೆ. ಫಿಲ್ಟರಿನ ತಲೆಯ ಮೇಲೆ, ಗಾಳಿ ಹಿಡಿದಾಗ ಒತ್ತಿ ಒತ್ತಿ ಡೀಸೆಲ್ ತುಂಬಿಸಲು, ಹ್ಯಾಂಡ್ ಪಂಪ್ ಎಂದು ಕರೆಯುವ ಗುಂಡಿಯಿರುತ್ತದೆ. ಅಲ್ಲಿಂದ ಮುಂದೆ ಇಂಜೆಕ್ಷನ್ ಪಂಪು, ಅಂದರೆ ಡೀಸೆಲ್ಲನ್ನು ಅಳೆದು, ಒತ್ತಡಕ್ಕೇರಿಸಿ, ಸರಿಯಾದ ಗಳಿಗೆಗೆ ಪ್ರತಿ ಸಿಲಿಂಡರಿಗೂ ಹಂಚುವ ಯಂತ್ರ. ರುಡಾಲ್ಫ್ ಡೀಸೆಲ್ ತನ್ನ ಮೊದಲ ಎಂಜಿನ್ನುಗಳಲ್ಲಿ ಇಂಧನವನ್ನು ಒಳಗೆ ನುಗ್ಗಿಸಲು ದೊಡ್ಡ ಕಂಪ್ರೆಸರಿನ ಗಾಳಿಯನ್ನು ನೆಚ್ಚಿಕೊಳ್ಳಬೇಕಾಗಿತ್ತು. ರಾಬರ್ಟ್ ಬಾಷ್‌ನ ಕಾರ್ಖಾನೆ 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ ಲಾರಿಗಳಲ್ಲಿ, ಆಮೇಲೆ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಈ ಗಾಡಿಯಲ್ಲಿದ್ದದ್ದು 1970ರ ದಶಕದ ನಡುವಿನಲ್ಲಿ ಅದೇ ಸಂಸ್ಥೆ ರೂಪಿಸಿದ, ಬೇರೆ ಸಂಸ್ಥೆಗಳೂ ಪರವಾನಗಿ ಪಡೆದು ತಯಾರಿಸಿದ, ವಿಇ ಮಾದರಿಯ ಹಂಚಿಕೆ ಪಂಪು. ನಾಲ್ಕು ಸಿಲಿಂಡರಿಗೆ ನಾಲ್ಕು ಪ್ಲಂಜರುಗಳ, ಅಂದರೆ ಡೀಸೆಲ್ಲನ್ನು ಒತ್ತಿ ದೂಡುವ ದಂಡಗಳ, ಬದಲು ತಿರುಗುತ್ತಲೇ ಹಿಂದೆ ಮುಂದೆ ಸರಿಯುವ ಒಂದೇ ಪ್ಲಂಜರು ಎಲ್ಲಕ್ಕೂ ಹಂಚುವುದು ಇದರ ವಿಶೇಷ. ಪಂಪಿನ ಹೊಟ್ಟೆ ಸದಾ ಡೀಸೆಲ್ಲಿನಿಂದ ತುಂಬಿರುತ್ತದೆ. ಒಳಗಿನ ಭಾಗಗಳಿಗೆ ಆಯಿಲ್ಲಿನ ಕೆಲಸವನ್ನೂ ಡೀಸೆಲ್ಲೇ ಮಾಡುತ್ತದೆ. ಟ್ಯಾಂಕಿನಿಂದ ಡೀಸೆಲ್ಲನ್ನು ಎಳೆದುಕೊಳ್ಳುವ ಚಿಕ್ಕ ಪಂಪೂ ಅದರ ಹೊಟ್ಟೆಯೊಳಗೇ ಇರುತ್ತದೆ. ಹಾಗಾಗಿ ಟ್ಯಾಂಕಿನ ಬಳಿ ದೂಡುವ ಪಂಪು ಬೇರೆ ಇಲ್ಲದ ಇಂತಹ ಗಾಡಿಯಲ್ಲಿ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ಪೂರ್ತಿ ಎಳೆತದ ದಾರಿ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ನಿಂತ ಗಾಡಿ ಬೇಸಿಗೆ ಮುಗಿಯುವವರೆಗೂ ತಗಡಿನ ಮಾಡಿನ ಕೆಳಗೆ ಅಲುಗದೆ ಉಳಿಯಿತು. ನಿರ್ಬಂಧ ಸಡಿಲಿಸಿದ ಮೇಲೆ ಬಂಕಿನಲ್ಲಿ ಡೀಸೆಲ್ ತುಂಬಿಸಿ ಓಡಾಟ ಶುರುವಾದ ಬಳಿಕ ಎರಡು ತೊಂದರೆಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಬಹಳ ಹೊತ್ತು ತಿರುಗಿ, ಬಿಳಿ ಹೊಗೆ ಕಾರಿ, ಒಂದು ಸಿಲಿಂಡರಿನ ಮೇಲೆ ಒಂದು ಎಂಬಂತೆ ತಡವರಿಸಿ ಹೊತ್ತಿಕೊಳ್ಳುತ್ತಿತ್ತು, ಆದರೆ ಹಗಲಿನಲ್ಲಿ ಎಷ್ಟು ಸಲ ನಿಲ್ಲಿಸಿ ಹೊರಟರೂ ಅಡ್ಡಿಯಿರುತ್ತಿರಲಿಲ್ಲ. ಎರಡನೆಯದಾಗಿ, ನಿಂತ ಜಾಗದಲ್ಲಿ ಗೇರ್‌ಬಾಕ್ಸಿನ ಕೆಳಗೆ ಡೀಸೆಲ್ಲಿನ ವಾಸನೆಯ ಕಲೆ ಬೀಳುತ್ತಿತ್ತು. ಮಳೆಗಾಲ ಹಿಡಿದ ಮೇಲೆ ಅಂಗಳದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲತೊಡಗಿ ಮನೆಯವರ ಗಾಬರಿಯನ್ನು ಹೆಚ್ಚಿಸಿತು. ಈ ಗಾಬರಿಗೆ ಅಷ್ಟು ಆಧಾರವಿರಲಿಲ್ಲ, ಏಕೆಂದರೆ ಬಣ್ಣ ಕಾಣಿಸುವ ಎಣ್ಣೆಯ ಪೊರೆ ಒಂದು ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ತೆಳುವಾಗಿರುತ್ತದೆ. ಒಂದೇ ಹನಿ ಡೀಸೆಲ್ ನಿಂತ ನೀರಿನ ಮೇಲೆ ಒಂದು ಚದರ ಅಡಿಯ ಆಸುಪಾಸಿಗೆ ಹಬ್ಬಬಲ್ಲದು. ನಿಜವಾದ ಅಳತೆ ಬೇಕಾದರೆ ಹನಿಗಳನ್ನೇ ನೋಡಬೇಕು. ಡೀಸೆಲ್ಲಿನ ಹನಿಯೊಂದು ಸುಮಾರು ಐವತ್ತನೇ ಒಂದು ಮಿಲಿಲೀಟರ್ ಎಂದು ಹಿಡಿದರೆ, ಹತ್ತು ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ಹೆಚ್ಚುಕಡಿಮೆ 170 ಮಿಲಿಲೀಟರ್ ಆಗುತ್ತದೆ. ಹಣದ ಲೆಕ್ಕದಲ್ಲಿ ಅದು ಅಲ್ಪ, ಮೈಲೇಜಿನ ಲೆಕ್ಕದಲ್ಲಿ ಅದು ಕಾಣಿಸುವುದೂ ಇಲ್ಲ.

ಹಾಗೆಂದು ಸೋರಿಕೆಯನ್ನು ಒಡೆಯನ ಖಾಸಗಿ ನಷ್ಟವೆಂದು ಬಿಟ್ಟುಬಿಡುವಂತಿಲ್ಲ. ಡೀಸೆಲ್ ತಾಗಿದ ರೇಡಿಯೇಟರ್ ಪೈಪು, ಎಂಜಿನ್ ಮೌಂಟಿಂಗಿನ ರಬ್ಬರು ಉಬ್ಬಿ ಮೆತ್ತಗಾಗುತ್ತವೆ. ಗೇರ್‌ಬಾಕ್ಸಿನ ಮುಂಭಾಗದ ಗೂಡಿನೊಳಗೆ ಇಳಿದರೆ ಕ್ಲಚ್ ಪ್ಲೇಟು ಜಾರುತ್ತದೆ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಮಾತೊಂದಿದೆ: ಆಗುಂಬೆಯ ಹದಿನಾಲ್ಕು ತಿರುವುಗಳಂತಹ ಘಾಟಿಯಲ್ಲಿ ಒದ್ದೆ ರಸ್ತೆಗೆ ಬಿದ್ದ ಡೀಸೆಲ್ ಮೇಲೆ ಬೈಕಿನವನ ಚಕ್ರ ಜಾರಿದರೆ ಅವನಿಗೆ ಕಾರಣವೂ ತಿಳಿದಿರುವುದಿಲ್ಲ, ಸೋರಿಸಿಕೊಂಡು ಹೋದವನಿಗೆ ಪರಿಣಾಮವೂ ತಿಳಿದಿರುವುದಿಲ್ಲ. ‘ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಸೋರೋದೇ ಸಾರ್’ ಎಂದು ಊರಿನ ಗ್ಯಾರೇಜಿನಲ್ಲಿ ಕೇಳಿಬಂದ ಸಮಾಧಾನವನ್ನು ಲೇಖಕನು ಒಪ್ಪದಿರಲು ಈ ಕೊನೆಯ ಕಾರಣವೇ ಮುಖ್ಯವಾಗಿತ್ತು.

ಸೋರಿಕೆಯನ್ನು ಅದು ಎಲ್ಲಿ ಕಂಡಿತು ಎಂಬುದರಿಂದ ಹುಡುಕುವ ಬದಲು, ಅದು ಯಾವಾಗ ಸೋರುತ್ತದೆ ಎಂಬುದರಿಂದ ಹುಡುಕುವುದು ಫಲಕಾರಿ. ಇಂಧನದ ದಾರಿಯ ಪ್ರತಿ ತುಂಡಿನಲ್ಲೂ ಒತ್ತಡ ಬೇರೆ ಬೇರೆ ಇರುವುದೇ ಇದಕ್ಕೆ ಕಾರಣ. ಟ್ಯಾಂಕಿನಿಂದ ಪಂಪಿನವರೆಗಿನ ಎಳೆತದ ಭಾಗದಲ್ಲಿ, ಎಂಜಿನ್ ಓಡುವಾಗ, ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುವುದರಿಂದ ಅಲ್ಲಿ ತೂತಿದ್ದರೆ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಹೊರಗೆ ಒದ್ದೆಯೇ ಇಲ್ಲದ ಸೋರಿಕೆ ಅದು. ಪಂಪಿನ ಹೊಟ್ಟೆಯೊಳಗೆ ಕೆಲವು ಬಾರ್ ಒತ್ತಡ, ಎಂದರೆ ವಾತಾವರಣದ ಒತ್ತಡದ ಕೆಲವು ಪಟ್ಟು ಇರುವುದರಿಂದ ಅಲ್ಲಿನ ಸೀಲು ಸೋತರೆ ಎಂಜಿನ್ ಓಡುವಾಗ ಡೀಸೆಲ್ ಜಿನುಗುತ್ತದೆ. ಪಂಪಿನಿಂದ, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ಲುಗಳಿಗೆ ಹೋಗುವ ಗಟ್ಟಿ ಉಕ್ಕಿನ ಪೈಪುಗಳಲ್ಲಿ ಒತ್ತಡ ನೂರು ಬಾರ್ ಮೀರುತ್ತದೆ. ಅಲ್ಲಿ ಬಿರುಕಿದ್ದರೆ ಹನಿ ಬೀಳುವುದಿಲ್ಲ, ಮಂಜಿನಂತಹ ಸಿಂಪರಣೆ ಹೊರಟು ಸುತ್ತೆಲ್ಲ ತೋಯಿಸುತ್ತದೆ, ಆ ಒಂದು ಸಿಲಿಂಡರು ಮಿಸ್ ಹೊಡೆಯುತ್ತದೆ. ನಾಜಲ್ಲಿನಲ್ಲಿ ಹೆಚ್ಚಾದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನಲ್ಲಿ ಒತ್ತಡ ಬಹುಪಾಲು ಇಲ್ಲವೇ ಇಲ್ಲ. ಅಲ್ಲಿನ ತಾಮ್ರದ ವಾಷರು ಹಳತಾದರೆ ನಾಜಲ್ಲಿನ ಬುಡದಲ್ಲಿ ಕೊಳದಂತೆ ನಿಲ್ಲುತ್ತದೆ.

ಉಕ್ಕಿನ ಪೈಪುಗಳ ವಿಚಾರದಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಕೈಯಾಡಿಸಿ ಹುಡುಕುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮವನ್ನು ತೂರಿ ಮಾಂಸದೊಳಗೆ ಡೀಸೆಲ್ ತುಂಬಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು ಮಾತ್ರ ಇದ್ದು ನೋವೂ ಮೊದಲಿಗೆ ಅಷ್ಟಿರದ ಕಾರಣ ತಡಮಾಡಿದವರು ಬೆರಳನ್ನೋ ಅಂಗೈಯನ್ನೋ ಕಳೆದುಕೊಳ್ಳುವ ಸಂಭವವಿರುವುದರಿಂದ ವೈದ್ಯರು ಇದನ್ನು ತುರ್ತು ಶಸ್ತ್ರಚಿಕಿತ್ಸೆಯ ಗಾಯವೆಂದೇ ಎಣಿಸುತ್ತಾರೆ. ಕಾಮನ್ ರೈಲ್ ಎಂದು ಕರೆಯುವ, ಒಂದೇ ದಪ್ಪ ಕೊಳವೆಯಲ್ಲಿ ಸಾವಿರ ಬಾರ್ ಮೀರಿದ ಒತ್ತಡವನ್ನು ಹಿಡಿದಿಟ್ಟು ಕಂಪ್ಯೂಟರಿನ ಅಪ್ಪಣೆಯಂತೆ ಸಿಡಿಸುವ ಈಚಿನ ಎಂಜಿನ್ನುಗಳಲ್ಲಿ ಈ ಅಪಾಯ ಹಲವು ಪಟ್ಟು. ಕೈಯ ಬದಲು ರಟ್ಟಿನ ತುಂಡನ್ನು ಹಿಡಿದರೆ ಸಾಕು, ಧಾರೆಯ ಗುರುತು ಅದರ ಮೇಲೆ ಮೂಡುತ್ತದೆ.

ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಕೇಳಿದ ಗ್ಯಾರೇಜಿನವರು ‘ಏರ್ ಹಿಡೀತಿದೆ’ ಎಂದು ಗುರುತಿಸಿದ್ದು ಸರಿಯಾಗಿಯೇ ಇತ್ತು. ರಾತ್ರಿಯಿಡೀ ನಿಂತಾಗ ಎಲ್ಲಿಂದಲೋ ಗಾಳಿ ಸೇರಿ, ಎತ್ತರದಲ್ಲಿರುವ ಪಂಪಿನ ಡೀಸೆಲ್ ತಗ್ಗಿನಲ್ಲಿರುವ ಟ್ಯಾಂಕಿಗೆ ಜಾರಿಹೋಗುತ್ತದೆ. ಬೆಳಿಗ್ಗೆ ಪಂಪು ಗಾಳಿಯನ್ನೆಲ್ಲ ಉಗುಳಿ ಮತ್ತೆ ಡೀಸೆಲ್ ಎಳೆದುಕೊಳ್ಳುವವರೆಗೆ ಎಂಜಿನ್ ಹೊತ್ತಿಕೊಳ್ಳದು. ಹೀಟರ್ ಪ್ಲಗ್ಗುಗಳು, ಅಂದರೆ ತಣ್ಣಗಿನ ಎಂಜಿನ್ನಿನ ಕೋಣೆಯನ್ನು ಮೊದಲು ಕಾಯಿಸುವ ಕಡ್ಡಿಗಳು, ಸರಿಯಾಗಿದ್ದವೆಂದು ಟೆಸ್ಟ್ ಲ್ಯಾಂಪಿನಿಂದ ಖಾತ್ರಿಯಾದ ಮೇಲೆ ಈ ವಿವರಣೆಯೇ ಉಳಿಯಿತು. ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಲು ಅವರು ಮಾಡಿದ್ದು ಡ್ರೈವರುಗಳೆಲ್ಲ ಬಲ್ಲ ಹಳೆಯ ಪರೀಕ್ಷೆ: ಟ್ಯಾಂಕಿನ ಸಂಪರ್ಕವನ್ನೂ ಫಿಲ್ಟರನ್ನೂ ಬಿಟ್ಟು, ಡೀಸೆಲ್ ತುಂಬಿದ ಕ್ಯಾನೊಂದನ್ನು ಬಾನೆಟ್ಟಿನ ಮೇಲ್ಗಡೆ ಕಟ್ಟಿ, ಅದರಿಂದ ನೇರವಾಗಿ ಪಂಪಿಗೆ ಪೈಪು ಕೊಡುವುದು. ಹಾಗೆ ಮಾಡಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಎಂಜಿನ್ ಅರ್ಧ ಸುತ್ತಿಗೆ ಹೊತ್ತಿಕೊಂಡಿತು. ತಪ್ಪು ಫಿಲ್ಟರಿನಿಂದ ಹಿಂದೆ ಎಲ್ಲೋ ಇದೆ ಎಂದು ತೀರ್ಮಾನವಾಗಿ, ಫಿಲ್ಟರು, ಹ್ಯಾಂಡ್ ಪಂಪು, ಟ್ಯಾಂಕಿನವರೆಗಿನ ರಬ್ಬರ್ ಪೈಪುಗಳು, ಅವುಗಳ ಕ್ಲಿಪ್ಪುಗಳು ಎಲ್ಲವೂ ಹೊಸದಾದವು, ಬಿಲ್ಲೂ ಅದಕ್ಕೆ ತಕ್ಕಂತೆ ಬೆಳೆಯಿತು, ಬೆಳಗಿನ ತೊಂದರೆ ಮಾತ್ರ ಹಾಗೆಯೇ ಉಳಿಯಿತು.

ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದನ್ನು ಓದಿದ ರೀತಿಯಲ್ಲಿ ತೊಡಕಿತ್ತು. ಕ್ಯಾನನ್ನು ಎತ್ತರದಲ್ಲಿ ಇಟ್ಟಾಗ ಇಂಧನದ ಮೂಲವಷ್ಟೇ ಬದಲಾಗುವುದಿಲ್ಲ, ಒತ್ತಡದ ದಿಕ್ಕೂ ಬದಲಾಗುತ್ತದೆ. ಎಂದಿನ ಸ್ಥಿತಿಯಲ್ಲಿ ಟ್ಯಾಂಕು ಪಂಪಿಗಿಂತ ಕೆಳಗಿರುವುದರಿಂದ ನಿಂತ ಗಾಡಿಯ ಪಂಪಿನಲ್ಲಿರುವ ಡೀಸೆಲ್ ಹಿಂದಕ್ಕೆ ಎಳೆಯಲ್ಪಡುತ್ತಿರುತ್ತದೆ, ಆದ್ದರಿಂದ ಪಂಪಿನ ಸೀಲೊಂದು ಸೋತಿದ್ದರೆ ಅದರ ಮೂಲಕ ಗಾಳಿ ಒಳನುಗ್ಗುತ್ತದೆ; ಕ್ಯಾನು ಮೇಲಿದ್ದಾಗ ಅದೇ ಸೀಲಿನ ಮೇಲೆ ಒಳಗಿನಿಂದ ಡೀಸೆಲ್ಲಿನ ಭಾರ ಬೀಳುವುದರಿಂದ ಗಾಳಿ ಒಳಬರುವ ಬದಲು ಡೀಸೆಲ್ ಹೊರಹೋಗುತ್ತದೆ. ಬೆಳಗಿನ ತೊಂದರೆ ಮಾಯವಾಗುವುದು ತಪ್ಪು ಇಲ್ಲವೆಂಬ ಕಾರಣಕ್ಕಲ್ಲ, ತಪ್ಪಿನ ಬಾಗಿಲು ಇನ್ನೊಂದು ಕಡೆಗೆ ತೆರೆದುಕೊಂಡದ್ದಕ್ಕೆ. ಇದಕ್ಕೆ ಸಾಕ್ಷಿ ಅಲ್ಲಿಯೇ ಇತ್ತು: ಕ್ಯಾನು ಕಟ್ಟಿದ್ದ ರಾತ್ರಿ ಗೇರ್‌ಬಾಕ್ಸಿನ ಕೆಳಗಿನ ಕಲೆ ಎಂದಿಗಿಂತ ದೊಡ್ಡದಾಗಿತ್ತು. ಸ್ಟಾರ್ಟಿಂಗ್ ತೊಂದರೆ ಒಂದು ಖಾತೆ, ಸೋರಿಕೆ ಇನ್ನೊಂದು ಖಾತೆ ಎಂದು ಬೇರೆ ಬೇರೆ ನೋಡುತ್ತಿದ್ದುದರಿಂದ ಒಂದು ತಗ್ಗಿದಾಗ ಇನ್ನೊಂದು ಹೆಚ್ಚಾದದ್ದನ್ನು ಯಾರೂ ಜೋಡಿಸಿರಲಿಲ್ಲ. ರೋಗದ ಎರಡು ಲಕ್ಷಣಗಳಿದ್ದಾಗ ಒಂದನ್ನು ಶಮನ ಮಾಡುವ ಉಪಾಯ ಇನ್ನೊಂದನ್ನು ಕೆರಳಿಸಿದರೆ, ಎರಡಕ್ಕೂ ಮೂಲ ಒಂದೇ ಇರಬಹುದೆಂಬ ಗುಮಾನಿ ಹುಟ್ಟಬೇಕು. ಗ್ಯಾರೇಜಿನ ಅವಸರದಲ್ಲಿ ಅದು ಹುಟ್ಟುವುದು ಕಷ್ಟ.

ಆ ಗುಮಾನಿಯನ್ನು ಗಟ್ಟಿಮಾಡಲು ಎರಡು ಕೆಲಸಗಳು ನಡೆದವು. ಮೊದಲನೆಯದಾಗಿ ಅದೇ ಕ್ಯಾನನ್ನು ನೆಲದ ಮೇಲೆ, ಪಂಪಿಗಿಂತ ಕೆಳಗೆ, ಇಟ್ಟು ಮತ್ತೆ ರಾತ್ರಿ ಬಿಡಲಾಯಿತು. ಟ್ಯಾಂಕಿಗೂ ಅದರ ಪೈಪಿಗೂ ಸಂಬಂಧವೇ ಇಲ್ಲದ ಆ ಸ್ಥಿತಿಯಲ್ಲಿ ಬೆಳಗಿನ ತೊಂದರೆ ಪೂರ್ತಿಯಾಗಿ ಮರಳಿ ಬಂದಿತು. ಎರಡನೆಯದಾಗಿ ಪಂಪಿಗೆ ಸೇರುವ ತುದಿಯಲ್ಲಿ, ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿಸಿ ಹಿಡಿಯುವ ಪಾರದರ್ಶಕ ಲೆವೆಲ್ ಪೈಪಿನ ತುಂಡೊಂದನ್ನು ಸೇರಿಸಲಾಯಿತು. ಈ ಪ್ಲಾಸ್ಟಿಕ್ಕು ಡೀಸೆಲ್ಲಿನಲ್ಲಿ ಕೆಲವೇ ದಿನಗಳಲ್ಲಿ ಹಳದಿಗಟ್ಟಿ ಗಡುಸಾಗುವುದರಿಂದ ಪರೀಕ್ಷೆ ಮುಗಿದ ಕೂಡಲೇ ತೆಗೆದುಬಿಡಬೇಕು. ಎಂಜಿನ್ ಓಡುವಾಗ ಅದರಲ್ಲಿ ಒಂದು ಗುಳ್ಳೆಯೂ ಹಾಯಲಿಲ್ಲ, ಎಂದರೆ ಹಿಂದಿನ ದಾರಿಯಲ್ಲಿ ತೂತಿರಲಿಲ್ಲ. ನಿಲ್ಲಿಸಿ ಗಂಟೆಗಳು ಕಳೆದಂತೆ ಡೀಸೆಲ್ಲಿನ ಮಟ್ಟ ಪಂಪಿನ ತುದಿಯಿಂದ ಕೆಳಕ್ಕೆ ಸರಿಯುತ್ತ ಹೋಯಿತು.

ಉಳಿದದ್ದು ಪಂಪಿನ ಮೈಮೇಲೆ ಜಾಗವನ್ನು ಗುರುತಿಸುವ ಕೆಲಸ, ಮತ್ತು ಅದು ತೊಳೆಯುವುದರಿಂದಲೇ ಆರಂಭವಾಗಬೇಕಾದ ಕೆಲಸ. ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ಹಳೆಯ ಜಿಡ್ಡನ್ನು ಬಿಡಿಸಿ, ಸೋಪಿನ ನೀರಿನಿಂದ ತೊಳೆದು, ಬನಿಯನ್ ವೇಸ್ಟಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿದರೆ, ಒಣ ಬಿಳಿಯ ಮೇಲೆ ಒಸರಿದ ಮೊದಲ ಎಳೆ ಕಪ್ಪಾಗಿ ಕಾಣುತ್ತದೆ. ಮನೆಯಲ್ಲಿ ಸುಲಭವಾಗಿ ಸಿಗುವ ರಂಗೋಲಿ ಪುಡಿ ಇದಕ್ಕೆ ಸಲ್ಲದು. ಅದು ಕಲ್ಲಿನ ಪುಡಿಯಾದ್ದರಿಂದ, ಪೈಪು ಬಿಚ್ಚಿದಾಗ ಒಂದು ಕಣ ಒಳಗೆ ಹೋದರೂ ಕೆಲವೇ ಮೈಕ್ರಾನುಗಳ ಸಂದಿಯಲ್ಲಿ ಸರಿದಾಡುವ ಪ್ಲಂಜರನ್ನು ಗೀರಿಬಿಡುತ್ತದೆ. ಪಂಪಿನ ಹಿಂಭಾಗದಲ್ಲಿ, ಉಕ್ಕಿನ ಪೈಪುಗಳು ಹೊರಡುವ ತಲೆ ಮತ್ತು ಅಲ್ಯೂಮಿನಿಯಂ ಮೈ ಕೂಡುವ ಗೆರೆಯ ತಳದಲ್ಲಿ ಎಳೆ ಮೂಡಿತು. ಅಲ್ಲಿಂದ ಅದು ಬ್ಲಾಕಿನ ಏಣನ್ನು ಹಿಡಿದು ಹಿಂದಕ್ಕೆ ಹರಿದು ಗೇರ್‌ಬಾಕ್ಸಿನ ಕೆಳಗೆ ಬೀಳುತ್ತಿತ್ತು. ಇದು ಒಂದು ರೀತಿಯಲ್ಲಿ ಸಮಾಧಾನದ ಸಂಗತಿ. ಪಂಪಿನ ಮುಂಭಾಗದಲ್ಲಿ, ಅದರ ಶಾಫ್ಟನ್ನು ಸುತ್ತುವ ಸೀಲು ಸೋತಿದ್ದರೆ ಡೀಸೆಲ್ ಟೈಮಿಂಗ್ ಬೆಲ್ಟಿನ ಕವರಿನೊಳಗೆ ಸೇರಿ ರಬ್ಬರಿನ ಬೆಲ್ಟನ್ನು ನೆನೆಸುತ್ತಿತ್ತು. ಆ ಬೆಲ್ಟು ಓಟದಲ್ಲಿ ಕಡಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಕವರಿನ ತಳ ಒಣಗಿದ್ದರೂ ಹಳೆಯ ಒಡೆಯರಿಂದ ಬೆಲ್ಟಿನ ದಾಖಲೆ ಬಂದಿರದ ಕಾರಣ, ಪಂಪು ಇಳಿಸುವಾಗಲೇ ಅದನ್ನೂ ಬದಲಿಸಿದ್ದು ವಿವೇಕದ ಖರ್ಚಾಯಿತು.

ಪಂಪಿನ ತಲೆ ಬಿಚ್ಚುವುದು ಸಾಮಾನ್ಯ ಗ್ಯಾರೇಜಿನ ಕೆಲಸವಲ್ಲ. ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನ ಕಡೆಯ ಒಂದು ಡೀಸೆಲ್ ಪಂಪ್ ಅಂಗಡಿಗೆ ಅದು ಹೋಯಿತು. ಇಂತಹ ಅಂಗಡಿಗಳ ಹಿರಿಯ ತಲೆಮಾರಿನವರ ವಿದ್ಯೆಯ ಬೇರು ಹೆಚ್ಚಾಗಿ ಮೈಕೋ ಪಂಪುಗಳಲ್ಲಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಭಾರತದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ದಶಕಗಳ ಕಾಲ ಇಂಜೆಕ್ಷನ್ ಪಂಪುಗಳನ್ನು ಒದಗಿಸಿತು; 2008ರಲ್ಲಿ ಅದು ಬಾಷ್ ಲಿಮಿಟೆಡ್ ಆದ ಮೇಲೂ ಅಂಗಡಿಗಳ ಮಾತಿನಲ್ಲಿ ಮೈಕೋ ಎಂಬ ಹೆಸರೇ ಉಳಿದಿದೆ. ಈ ಅಂಗಡಿಯ ಯಜಮಾನರು ಪಂಪನ್ನು ಬೆಂಚಿನ ಮೇಲೆ ಕೂರಿಸಿ, ಗಾಜಿನ ಅಳತೆ ನಳಿಗೆಗಳಲ್ಲಿ ನಾಲ್ಕೂ ಸಿಲಿಂಡರಿಗೆ ಬೀಳುವ ಪ್ರಮಾಣವನ್ನು ಮೊದಲು ಅಳೆದು, ಒಳಭಾಗಗಳು ಸವೆದಿಲ್ಲವೆಂದು ಖಾತ್ರಿ ಮಾಡಿಕೊಂಡ ಬಳಿಕವೇ ತಲೆಯನ್ನು ಬಿಚ್ಚಿದರು. ತಲೆಯ ಸುತ್ತ ಕೂರುವ ಓ-ರಿಂಗು, ಎಂದರೆ ಎರಡು ಲೋಹದ ಭಾಗಗಳ ನಡುವೆ ಒತ್ತಿ ಕೂತು ಸಂದಿಯನ್ನು ಮುಚ್ಚುವ ದುಂಡನೆಯ ರಬ್ಬರ್ ಬಳೆ, ಚಪ್ಪಟೆಯಾಗಿ, ಮೊಳೆಯ ತುದಿಯಿಂದ ಮೀಟಿದೊಡನೆ ಕೋಡುಬಳೆಯಂತೆ ಮುರಿಯಿತು. ಪಂಪಿನ ಮೇಲ್ಮುಚ್ಚಳದ ಸೀಲಿನದೂ ಅದೇ ಗತಿಯಾಗುವ ಹಂತದಲ್ಲಿತ್ತು.

ರಬ್ಬರ್ ಏಕೆ ಹೀಗಾಯಿತು ಎಂಬ ಪ್ರಶ್ನೆಯಲ್ಲಿ ಲೇಖಕನಿಗೆ ಆಗ ತುಂಬ ಆಸಕ್ತಿಯಿತ್ತು, ಏಕೆಂದರೆ ಕಾಲಕ್ಕೆ ಹೊಂದಿಕೊಳ್ಳುವ ಒಂದು ಉತ್ತರ ಕೈಗೆ ಸಿಕ್ಕಿತ್ತು. ದೇಶದಾದ್ಯಂತ ಬಿಎಸ್-6 ಮಾನದಂಡದ ಇಂಧನ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ಶುರುವಾದ ಒಂದು ವಾರಕ್ಕೆ. ನಿಲ್ಲುವಾಗ ಒಂದು ಬಗೆಯ ಡೀಸೆಲ್ ಕುಡಿದಿದ್ದ ಗಾಡಿ ಎದ್ದಾಗ ಇನ್ನೊಂದನ್ನು ಕುಡಿಯಿತು. ಗಂಧಕದ ಮಿತಿ 2000ದಲ್ಲಿ ದಶಲಕ್ಷಕ್ಕೆ 2500 ಭಾಗವಿದ್ದದ್ದು 500ಕ್ಕೆ, 350ಕ್ಕೆ, 2017ರಲ್ಲಿ 50ಕ್ಕೆ, 2020ರಲ್ಲಿ 10ಕ್ಕೆ ಇಳಿದಿದೆ. ಗಂಧಕವನ್ನು ತೆಗೆಯಲು ಸಂಸ್ಕರಣಾಗಾರಗಳಲ್ಲಿ ಡೀಸೆಲ್ಲನ್ನು ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ಜಲಜನಕದೊಡನೆ ವೇಗವರ್ಧಕಗಳ ಮೇಲೆ ಹಾಯಿಸುತ್ತಾರೆ. ಆಗ ಗಂಧಕದ ಜೊತೆಗೆ ಆರೊಮ್ಯಾಟಿಕ್ ಎಂದು ಕರೆಯುವ ಉಂಗುರ ರಚನೆಯ ಸಂಯುಕ್ತಗಳಲ್ಲೂ ಒಂದಷ್ಟು ಮಾರ್ಪಡುತ್ತವೆ. ಹಳೆಯ ಪಂಪುಗಳ ಸೀಲುಗಳಿಗೆ ಬಳಸುತ್ತಿದ್ದ ನೈಟ್ರೈಲ್ ರಬ್ಬರು ಈ ಸಂಯುಕ್ತಗಳನ್ನು ಹೀರಿ ಸ್ವಲ್ಪ ಉಬ್ಬಿಕೊಂಡಿರುತ್ತದೆ, ಅವು ಕಡಿಮೆಯಾದಾಗ ಕುಗ್ಗುತ್ತದೆ. ಹೊಸ ರಬ್ಬರಾದರೆ ಕುಗ್ಗಿದರೂ ತನ್ನ ಸ್ಪ್ರಿಂಗಿನ ಗುಣದಿಂದ ಸಂದಿಯನ್ನು ಬಿಡುವುದಿಲ್ಲ, ವರ್ಷಗಟ್ಟಲೆ ಬಿಸಿಗೆ ಗಡುಸಾದದ್ದು ಬಿಟ್ಟುಬಿಡುತ್ತದೆ. ಅಮೆರಿಕದಲ್ಲಿ 1993ರ ಅಕ್ಟೋಬರಿನಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗ ಹಳೆಯ ವಾಹನಗಳ ಪಂಪುಗಳು ಸೋರತೊಡಗಿದ್ದು ದಾಖಲಾಗಿರುವ ಸಂಗತಿ. ಗಂಧಕವೇ ಪಂಪಿಗೆ ಜಾರುಗುಣ ಕೊಡುತ್ತಿತ್ತು ಎಂಬ ಜನಪ್ರಿಯ ನಂಬಿಕೆ ಮಾತ್ರ ತಪ್ಪು. ಆ ಗುಣವಿದ್ದದ್ದು ಗಂಧಕದ ಜೊತೆಗೇ ಕಳೆದುಹೋಗುವ ಬೇರೆ ಅಲ್ಪಾಂಶದ ವಸ್ತುಗಳಲ್ಲಿ, ಅದಕ್ಕೆ ಬದಲಾಗಿ ಸಂಸ್ಕರಣಾಗಾರದವರು ಈಗ ಬೇರೆ ರಾಸಾಯನಿಕ ಬೆರೆಸುತ್ತಾರೆ.

ಈ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಅಂಗಡಿಯ ಯಜಮಾನರು, ‘ಮೇಷ್ಟ್ರೇ, ಡೀಸೆಲ್ ಬದಲಾಗಿದ್ದು ಎಲ್ಲಾ ಗಾಡಿಗೂ. ಸೋರಿದ್ದು ನಿಮ್ದು’ ಎಂದರು. ಬಳಿಕ ಪಂಪಿನ ಹೊಂದಾಣಿಕೆಯ ಸ್ಕ್ರೂ ಇರುವ ಜಾಗವನ್ನು ತೋರಿಸಿದರು. ಕಾರ್ಖಾನೆಯಿಂದ ಬರುವಾಗ ಯಾರೂ ಮುಟ್ಟದಂತೆ ತಂತಿ ಕಟ್ಟಿ ಹಾಕಿರುವ ಮೊಹರು ಅಲ್ಲಿರಲಿಲ್ಲ. ತಲೆಯ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಹಳೆಯ ಗಾಯಗಳಿದ್ದವು. ಪಂಪನ್ನು ಎಂಜಿನ್ನಿಗೆ ಕೂರಿಸುವ ಕಡೆ ಟೈಮಿಂಗ್ ಗುರುತಿನ ಗೆರೆ ಒಂದರ ಬದಲು ಎರಡಿದ್ದವು. ಹಿಂದಿನ ಯಾರೋ ಒಡೆಯರ ಕಾಲದಲ್ಲಿ ಪಂಪು ಒಮ್ಮೆ ಬಿಚ್ಚಲ್ಪಟ್ಟಿತ್ತು, ಮತ್ತು ಈಗ ಮುರಿದ ಓ-ರಿಂಗು ಪಂಪಿನ ಕಿಟ್ಟಿನದಲ್ಲ, ದಪ್ಪದಲ್ಲಿ ಅದಕ್ಕಿಂತ ತುಸು ಕಡಿಮೆಯಾದ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಳೆ ಎಂಬುದು ಹೊಸದರ ಪಕ್ಕದಲ್ಲಿಟ್ಟು ಕ್ಯಾಲಿಪರಿನಲ್ಲಿ ಅಳೆದಾಗ ತಿಳಿಯಿತು. ಮೇಲ್ಮುಚ್ಚಳದ ಸೀಲು ಮೂಲದ್ದೇ ಆಗಿದ್ದು, ಅದೂ ಗಡುಸಾಗಿದ್ದರಿಂದ ಇಂಧನದ ಪಾತ್ರವನ್ನು ಪೂರ್ತಿ ಅಲ್ಲಗಳೆಯುವಂತೆಯೂ ಇರಲಿಲ್ಲ. ಆದರೂ ಲೇಖಕನ ಈಗಿನ ಅಭಿಪ್ರಾಯದಲ್ಲಿ, ದೇಶದ ಇಂಧನ ನೀತಿಗಿಂತ ಆ ಅಳತೆ ತಪ್ಪಿದ ಬಳೆಯ ಪಾಲೇ ಹೆಚ್ಚು. ತಿಂಗಳುಗಟ್ಟಲೆ ನಿಂತು ಒಣಗಿದ್ದು ಅದಕ್ಕೆ ಕೊನೆಯ ನೆಪ.

ಫ್ಲೋರೊ ರಬ್ಬರಿನ ಹೊಸ ಕಿಟ್ಟು ಹಾಕಿ, ಬೆಂಚಿನ ಮೇಲೆ ಮತ್ತೆ ಅಳೆದು, ಎರಡು ಗೆರೆಗಳಲ್ಲಿ ಯಾವುದನ್ನೂ ನಂಬದೆ ಡಯಲ್ ಗೇಜಿನಿಂದ ಪ್ಲಂಜರಿನ ಚಲನೆಯನ್ನೇ ನೋಡಿ ಟೈಮಿಂಗ್ ಕೂರಿಸಿದ್ದರಿಂದ, ಸೋರಿಕೆ ನಿಂತದ್ದಲ್ಲದೆ ಗಾಡಿ ಕೊಂಡಾಗಿನಿಂದ ಏರಿನಲ್ಲಿ ಬರುತ್ತಿದ್ದ ಕಪ್ಪು ಹೊಗೆಯೂ ಕಡಿಮೆಯಾಯಿತು. ಅದನ್ನು ಅಲ್ಲಿಯವರೆಗೆ ಎಲ್ಲರೂ ಎಂಜಿನ್ನಿನ ವಯಸ್ಸಿನ ಖಾತೆಗೆ ಬರೆದಿದ್ದರು.